ಆಟ ಆಡದ, ಆಟ ಕಲಿಸದ ಹುಡುಗಿಗೆ ಕ್ರೀಡಾ ಪ್ರಶಸ್ತಿ ಯಾವ ಲೆಕ್ಕದಲ್ಲಿ?

ಪ್ರಶ್ನೆ: ನನ್ನ ಅಕ್ಕನ ಮಗಳು ಅಮೆರಿಕದ ಹೈಸ್ಕೂಲೊಂದರಲ್ಲಿ ಅಥ್ಲೆಟಿಕ್ ಟ್ರೈನರ್. ಅಲ್ಲಿನ ರಾಜ್ಯ ಸಂಘ ಯುವ ವೃತ್ತಿಪರರಿಗೆ ಕೊಡುವ ಪ್ರಶಸ್ತಿ ಈ ಸಲ ಅವಳಿಗೆ ಬಂದಿದೆ. ನೆಂಟರು "ಯಾವ ಟೀಮ್ ಗೆಲ್ಲಿಸಿದ್ದಕ್ಕೆ?" ಎನ್ನುತ್ತಾರೆ. ಇಂಥ ಕೆಲಸವನ್ನು ಹೇಗೆ ಅಳೆಯುತ್ತಾರೆ?

ಉತ್ತರ: ಟೀಮ್ ಗೆದ್ದಿದ್ದಕ್ಕೂ ಈ ಪ್ರಶಸ್ತಿಗೂ ಸಂಬಂಧವೇ ಇಲ್ಲ. ಅವಳ ತಂಡ ವರ್ಷವಿಡೀ ಸೋತಿದ್ದರೂ ಪ್ರಶಸ್ತಿ ಬರಬಹುದಿತ್ತು.

ನಿಮ್ಮ ಅಕ್ಕನ ಮಗಳು ಕೋಚ್ ಅಲ್ಲ, ಜಿಮ್‌ನಲ್ಲಿ ಡಂಬೆಲ್ ಎತ್ತಿಸುವವಳೂ ಅಲ್ಲ. ಆಟಗಾರರಿಗೆ ಗಾಯವಾಗದಂತೆ ನೋಡಿಕೊಳ್ಳುವುದು, ಗಾಯವಾದಾಗ ಮೊದಲು ಓಡಿ ಹೋಗುವುದು, ಆಮೇಲೆ ವ್ಯಾಯಾಮ ಮಾಡಿಸಿ ಮತ್ತೆ ಮೈದಾನಕ್ಕೆ ಇಳಿಸುವುದು ಅವಳ ಕೆಲಸ. ಅಮೆರಿಕದಲ್ಲಿ ಇವರ ರಾಷ್ಟ್ರೀಯ ಸಂಘ ಹುಟ್ಟಿದ್ದು 1950ರಲ್ಲಿ, ಕಾನ್ಸಾಸ್ ಸಿಟಿಯಲ್ಲಿ. ಅಲ್ಲಿನ ವೈದ್ಯರ ಸಂಘ ಇದನ್ನು ಆರೋಗ್ಯ ಸೇವೆಯ ವೃತ್ತಿ ಎಂದು ಒಪ್ಪಿಕೊಳ್ಳಲು 1990 ಬರಬೇಕಾಯಿತು. ಈಗ ಈ ವೃತ್ತಿಗೆ ಹೊಸದಾಗಿ ಬರುವವರಿಗೆ ಸ್ನಾತಕೋತ್ತರ ಪದವಿ ಬೇಕು, ರಾಷ್ಟ್ರಮಟ್ಟದ ಪರೀಕ್ಷೆ ಪಾಸಾಗಬೇಕು, ಹೆಚ್ಚಿನ ರಾಜ್ಯಗಳಲ್ಲಿ ಪರವಾನಗಿಯನ್ನೂ ಪಡೆಯಬೇಕು.

ಈ ಕೆಲಸ ಇಡೀ ದೇಶದ ಕಣ್ಣಿಗೆ ಬಿದ್ದದ್ದು 2023ರ ಜನವರಿ 2ರ ರಾತ್ರಿ. ಸಿನ್ಸಿನಾಟಿಯಲ್ಲಿ ನಡೆಯುತ್ತಿದ್ದ ಅಮೆರಿಕನ್ ಫುಟ್‌ಬಾಲ್ ಪಂದ್ಯದಲ್ಲಿ ಬಫಲೋ ಬಿಲ್ಸ್ ತಂಡದ ಡಮಾರ್ ಹ್ಯಾಮ್ಲಿನ್‌ಗೆ ಎದೆಗೆ ಪೆಟ್ಟು ಬಿತ್ತು. ಎದ್ದು ನಿಂತವರು ಹಾಗೇ ಕುಸಿದರು. ಹೃದಯ ನಿಂತಿತ್ತು. ತಂಡದ ಸಹಾಯಕ ಅಥ್ಲೆಟಿಕ್ ಟ್ರೈನರ್ ಡೆನ್ನಿ ಕೆಲ್ಲಿಂಗ್‌ಟನ್ ಅಲ್ಲೇ ಎದೆ ಒತ್ತಲು ಶುರು ಮಾಡಿದರು. ಹ್ಯಾಮ್ಲಿನ್ ಬದುಕಿದ್ದಷ್ಟೇ ಅಲ್ಲ, ಅದೇ ವರ್ಷ ಮತ್ತೆ ಆಡಿದರು. ಆ ಸೀಸನ್‌ನ ಅತ್ಯುತ್ತಮ ಆಟಗಾರನ ಆಯ್ಕೆಯಲ್ಲಿ ಒಬ್ಬ ಪತ್ರಕರ್ತರು ತಮ್ಮ ಐದನೇ ಸ್ಥಾನದ ಮತವನ್ನು ಕೆಲ್ಲಿಂಗ್‌ಟನ್‌ಗೆ ಹಾಕಿದ್ದರು! ನಿಯಮದ ಪ್ರಕಾರ ಅದು ತಮಾಷೆಯಂತೆ ಕಾಣಬಹುದು. ನನಗಂತೂ ಆ ಪಟ್ಟಿಯಲ್ಲಿ ಅದೇ ಅತ್ಯಂತ ಗಂಭೀರವಾದ ಮತ.

ಕೆಲ್ಲಿಂಗ್‌ಟನ್ ಈ ವೃತ್ತಿಗೆ ಹೊಸಬರೇನಲ್ಲ. ಆದರೆ ಆ ರಾತ್ರಿ ಕೆಲಸಕ್ಕೆ ಬಂದದ್ದು ಅನುಭವವೊಂದೇ ಅಲ್ಲ. ಅಲ್ಲಿನ ವೃತ್ತಿಪರ ಫುಟ್‌ಬಾಲ್ ಲೀಗ್ ಆದ ಎನ್‌ಎಫ್‌ಎಲ್‌ನಲ್ಲಿ ಪ್ರತಿ ಪಂದ್ಯಕ್ಕೂ ಒಂದು ಗಂಟೆ ಮುಂಚೆ ಎರಡೂ ಕಡೆಯ ವೈದ್ಯಕೀಯ ಸಿಬ್ಬಂದಿ ಸೇರಿ ಆಂಬುಲೆನ್ಸ್ ಎಲ್ಲಿದೆ, ಯಾರು ಏನು ಮಾಡಬೇಕು ಎಂದು ಮಾತಾಡಿಕೊಳ್ಳುತ್ತಾರೆ. ಹೈಸ್ಕೂಲಿನಲ್ಲಿ ಅಂಥ ದಂಡು ಎಲ್ಲಿರುತ್ತದೆ? ಇಪ್ಪತ್ತೈದು ಇಪ್ಪತ್ತಾರರ ಒಬ್ಬಳೇ ಹುಡುಗಿ ಅದನ್ನೆಲ್ಲ ಬರೆದು, ಕೋಚ್‌ಗಳಿಗೆ ಕಲಿಸಿ, ತಾಲೀಮು ಮಾಡಿಸಬೇಕು.

ಶಾಖಾಘಾತದ ವಿಷಯ ನೋಡಿ. ಆಗಸ್ಟ್ ತಿಂಗಳ ಬಿಸಿಲಲ್ಲಿ ಹೆಲ್ಮೆಟ್ಟು, ಪ್ಯಾಡು ಕಟ್ಟಿಕೊಂಡು ಫುಟ್‌ಬಾಲ್ ಅಭ್ಯಾಸ ನಡೆಯುತ್ತದೆ. ಮಿನೆಸೋಟ ವೈಕಿಂಗ್ಸ್ ತಂಡದ ಆಟಗಾರ ಕೋರಿ ಸ್ಟ್ರಿಂಗರ್ 2001ರಲ್ಲಿ ಸತ್ತದ್ದು ಇಂಥ ಅಭ್ಯಾಸದ ಬಳಿಕ ಶಾಖಾಘಾತದಿಂದಲೇ. ದೇಹದ ಒಳಗಿನ ಉಷ್ಣತೆ 40.5 ಡಿಗ್ರಿ ಸೆಲ್ಸಿಯಸ್ ಆಸುಪಾಸು ದಾಟಿ ಮಾತು ತೊದಲಿದರೆ, ಹುಡುಗನನ್ನು ಆಸ್ಪತ್ರೆಗೆ ಒಯ್ಯುವುದಕ್ಕಿಂತ ಮೊದಲು ಐಸ್ ನೀರಿನ ತೊಟ್ಟಿಯಲ್ಲಿ ಮುಳುಗಿಸಬೇಕು. ಅರ್ಧ ಗಂಟೆಯೊಳಗೆ ಉಷ್ಣತೆ 39ಕ್ಕೆ ಇಳಿಯಬೇಕು. ಮೊದಲು ತಣಿಸು, ಆಮೇಲೆ ಸಾಗಿಸು. ಹೀಗೆ ಬೇಗ ತಣಿಸಿದರೆ ಬಹುತೇಕ ಎಲ್ಲರೂ ಬದುಕುತ್ತಾರೆ.

ಹೇಳುವುದು ಸುಲಭ. ಮೈದಾನದ ಪಕ್ಕ ದಿನವೂ ಐಸ್ ತುಂಬಿದ ತೊಟ್ಟಿ ಇಡಲು ಶಾಲೆಯ ಆಡಳಿತವನ್ನು ಒಪ್ಪಿಸಬೇಕು. ಹಣೆಗೆ ಹಿಡಿಯುವ ಥರ್ಮಾಮೀಟರ್ ಇಲ್ಲಿ ಮೋಸ ಮಾಡುತ್ತದೆ, ಗುದದ್ವಾರದಲ್ಲಿಟ್ಟೇ ನೋಡಬೇಕು ಎಂದು ಅಪ್ಪ ಅಮ್ಮಂದಿರಿಗೆ ಮುಂಚೆಯೇ ತಿಳಿಹೇಳಬೇಕು. ಅವರು ಮುಖ ಸಿಂಡರಿಸುತ್ತಾರೆ. ಬಂದ ಆಂಬುಲೆನ್ಸಿನವರಿಗೆ "ಸ್ವಲ್ಪ ತಡೆಯಿರಿ, ಇನ್ನೂ ತಣಿದಿಲ್ಲ" ಎನ್ನಬೇಕು. ತಲೆಪೆಟ್ಟಿನದೂ ಇದೇ ಕಥೆ: ವಾಷಿಂಗ್ಟನ್ ರಾಜ್ಯ 2009ರಲ್ಲಿ ಮೊದಲು ಕಾನೂನು ತಂದ ಮೇಲೆ, ಪೆಟ್ಟಿನ ಅನುಮಾನವಿದ್ದ ಮಕ್ಕಳನ್ನು ಲಿಖಿತ ಅನುಮತಿ ಇಲ್ಲದೆ ಮತ್ತೆ ಆಡಿಸುವಂತಿಲ್ಲ ಎಂಬ ನಿಯಮ ಎಲ್ಲ ರಾಜ್ಯಗಳಿಗೂ ಹಬ್ಬಿತು. ಆದರೆ ಫೈನಲ್ ದಿನ ತನಗಿಂತ ಎರಡು ಪಟ್ಟು ವಯಸ್ಸಿನ ಕೋಚ್ ಎದುರು ನಿಂತು "ಇವನು ಇವತ್ತು ಆಡಲ್ಲ ಸರ್" ಎನ್ನಬೇಕಾದವಳು ಅವಳೇ.

ಅಳೆಯುವುದಾದರೆ ಇದನ್ನು ಅಳೆಯಬೇಕು. ಅವಳು ಬರುವ ಮುಂಚೆ ಆ ಶಾಲೆಯಲ್ಲಿ ಏನಿರಲಿಲ್ಲ, ಈಗ ಏನಿದೆ? ಹೃದಯಕ್ಕೆ ವಿದ್ಯುತ್ ಆಘಾತ ಕೊಡುವ ಯಂತ್ರ ಅತಿ ದೂರದ ಮೈದಾನಕ್ಕೂ ಮೂರು ನಿಮಿಷದೊಳಗೆ ತಲುಪುತ್ತದೆಯೇ? ಹೆಸರು ಸೂಚಿಸುವವರು ಹೆಚ್ಚಾಗಿ ಇದನ್ನೆಲ್ಲ ಬಿಟ್ಟು "ಶ್ರಮಜೀವಿ, ಸದಾ ಹಸನ್ಮುಖಿ" ಎಂದು ಬರೆದು ಕೈತೊಳೆದುಕೊಳ್ಳುತ್ತಾರೆ. ಅಂಥ ಪತ್ರವನ್ನು ಯಾರ ಹೆಸರಿಗೆ ಬೇಕಾದರೂ ಹಚ್ಚಬಹುದು.

ಇನ್ನೊಂದು ತಕರಾರೂ ನನಗಿದೆ. ವೃತ್ತಿ ಸಂಘಗಳ ಪ್ರಶಸ್ತಿಗಳಲ್ಲಿ ಸಮಿತಿಗಳ ಸದಸ್ಯತ್ವ, ಸಮ್ಮೇಳನದ ಭಾಷಣ, ಕಿರಿಯರಿಗೆ ಮಾರ್ಗದರ್ಶನ ಇವಕ್ಕೆ ಒಳ್ಳೆಯ ಅಂಕ. ತಪ್ಪೇನಿಲ್ಲ, ಪರವಾನಗಿ ಕಾನೂನು ಬಂದದ್ದು ಹೀಗೆ ಸಂಘದಲ್ಲಿ ದುಡಿದವರಿಂದಲೇ. ಆದರೆ ಹಳ್ಳಿಗಾಡಿನ ಶಾಲೆಯಲ್ಲಿ ಸಂಜೆ, ಶನಿವಾರ ಎನ್ನದೆ ಒಬ್ಬಳೇ ಇಡೀ ವರ್ಷದ ಆಟಗಳನ್ನು ನೋಡಿಕೊಳ್ಳುವವಳಿಗೆ ಸಮಿತಿಗೆ ಹೋಗಲು ಪುರುಸೊತ್ತೆಲ್ಲಿ? ಅವಳ ಕೆಲಸ ಕಂಡು ಹೆಸರು ಸೂಚಿಸುವ ಸಹೋದ್ಯೋಗಿಯೂ ಪಕ್ಕದಲ್ಲಿರುವುದಿಲ್ಲ. ಎಡೆಬಿಡದ ದುಡಿಮೆಗೆ ಸುಸ್ತಾಗಿ ಮೊದಲ ಕೆಲವೇ ವರ್ಷಗಳಲ್ಲಿ ವೃತ್ತಿ ಬಿಡುವವರಿದ್ದಾರೆ. ಯುವ ವಿಭಾಗವೆಂದು ಬೇರೆ ಪ್ರಶಸ್ತಿ ಇಟ್ಟದ್ದಕ್ಕೆ ನಾನು ಕಾಣುವ ದೊಡ್ಡ ಸಮರ್ಥನೆ ಇದೇ: ಬಿಟ್ಟು ಹೋಗುವ ಮೊದಲು ಬೆನ್ನು ತಟ್ಟಿದರೆ ಒಂದಿಷ್ಟು ಜನ ಉಳಿದಾರು.

ನಮ್ಮ ಕಡೆ ಹೇಗೆ ಎಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. 1985ರಿಂದ ಕೊಡುತ್ತಿರುವ ದ್ರೋಣಾಚಾರ್ಯ ಪ್ರಶಸ್ತಿ ಕೋಚ್‌ಗಳಿಗೆ, ಅರ್ಜುನ ಆಟಗಾರರಿಗೆ. ಫಿಸಿಯೋಗಳಿಗೆಂದು ಬೇರೆ ರಾಷ್ಟ್ರೀಯ ಪ್ರಶಸ್ತಿ ಇಲ್ಲ. 2022ರ ಟಿ20 ವಿಶ್ವಕಪ್‌ನಲ್ಲಿ ಅಡಿಲೇಡ್ ಮೈದಾನ ಮಳೆಗೆ ಒದ್ದೆಯಾಗಿದ್ದಾಗ, ಕುಮಟಾದ ರಾಘವೇಂದ್ರ ಬ್ರಷ್ ಹಿಡಿದು ಬೌಂಡರಿ ಸುತ್ತ ಓಡಾಡುತ್ತ ಭಾರತದ ಆಟಗಾರರ ಶೂಗಳ ಕೆಸರು ತೆಗೆದದ್ದನ್ನು ಟಿವಿಯಲ್ಲಿ ಕಂಡವರಿದ್ದೀರಿ. ಅವರು ಬ್ಯಾಟರ್‌ಗಳಿಗೆ ಥ್ರೋಡೌನ್ ಹಾಕುವವರು, ಅಂದರೆ ಅಭ್ಯಾಸಕ್ಕೆಂದು ಚೆಂಡು ಎಸೆಯುವವರು; ಟ್ರೈನರ್ ಅಲ್ಲ. ಆದರೂ ಯಾರೂ ಜಾರಿ ಬೀಳದಂತೆ ನೋಡಿಕೊಂಡರು. 2024ರ ಟಿ20 ವಿಶ್ವಕಪ್ ಗೆದ್ದಾಗ ಬಿಸಿಸಿಐ ಘೋಷಿಸಿದ 125 ಕೋಟಿ ರೂಪಾಯಿಯಲ್ಲಿ ಸಹಾಯಕ ಸಿಬ್ಬಂದಿಗೂ ಪಾಲಿತ್ತು. ಕ್ರಿಕೆಟ್ ಬಿಟ್ಟು ಹೊರಗೆ ಬಂದರೆ, ಅದರಲ್ಲೂ ಶಾಲೆಗಳ ತಾಲ್ಲೂಕು ಮಟ್ಟದ ಕ್ರೀಡಾಕೂಟಗಳಲ್ಲಿ, ಸನ್ಮಾನ ಮಾಡೋಣವೆಂದರೂ ಈ ಕೆಲಸಕ್ಕೆಂದೇ ನೇಮಕವಾದ ಒಬ್ಬರು ಮೈದಾನದಲ್ಲಿ ಸಿಗುವುದು ಕಷ್ಟ.