ಕೆರೆ ದಡದಲ್ಲಿ ಟೆಂಟ್ ಹಾಕಿ ಒಂದು ರಾತ್ರಿ: ಸೂಳೆಕೆರೆಯೋ, ಮಾರಿಕಣಿವೆಯೋ?

ಓದುಗರ ಪ್ರಶ್ನೆ: ನಾವು ದಾವಣಗೆರೆಯವರು. ಇಬ್ಬರು ದೊಡ್ಡವರು, ಇಬ್ಬರು ಮಕ್ಕಳು. ಶನಿವಾರ ಸಂಜೆ ಹೋಗಿ, ನೀರಿನ ದಡದಲ್ಲೇ ಟೆಂಟ್ ಹಾಕಿ ಮಲಗಿ, ಭಾನುವಾರ ಬೆಳಗ್ಗೆ ವಾಪಸ್ ಬರಬೇಕು ಅಂತ ಆಸೆ. ಸೂಳೆಕೆರೆ ಒಳ್ಳೆಯದೋ, ಮಾರಿಕಣಿವೆ ಅನ್ನುವ ವಾಣಿವಿಲಾಸ ಸಾಗರವೋ? ಏನೇನು ಒಯ್ಯಬೇಕು?

ಉತ್ತರ: ಮೊದಲು ಆ "ದಡದಲ್ಲೇ" ಅನ್ನುವ ಮಾತನ್ನು ಬಿಟ್ಟುಬಿಡಿ. ಕೆರೆ ಹತ್ತಿರ ತಂಗಲು ಹೋದವರಿಗೆ ಆಗುವ ತೊಂದರೆಗಳಲ್ಲಿ ಹೆಚ್ಚಿನವು ಅಲ್ಲಿಂದಲೇ ಶುರುವಾಗುತ್ತವೆ. ಟೆಂಟ್ ಒಳಗೆ ನೀರು ನುಗ್ಗುವುದು, ಬೆಳಗಿನ ಜಾವ ಹೊದಿಕೆಯೆಲ್ಲ ತೊಯ್ದಿರುವುದು, ಸೊಳ್ಳೆ, ಕೆಸರಿನಲ್ಲಿ ಹೂತ ಕಾರು, ಎಲ್ಲವೂ ನೀರಿಗೆ ತೀರ ಹತ್ತಿರ ಹೋದದ್ದರ ಫಲ. ಟೆಂಟ್ ಇರಬೇಕಾದ್ದು ನೀರಿನ ಅಂಚಿನಿಂದ ಸುಮಾರು 200 ಅಡಿ ಹಿಂದೆ, ನೀರಿನ ಮಟ್ಟಕ್ಕಿಂತ ಒಂದಾಳು ಎತ್ತರದಲ್ಲಿ. ಅಲ್ಲಿಂದ ನೀರು ಚೆನ್ನಾಗಿಯೇ ಕಾಣುತ್ತದೆ.

ಇವು ಉದ್ಯಾನದ ಕೊಳಗಳಲ್ಲ, ಹೊಲ ತೋಟಗಳಿಗೆ ಮತ್ತು ಊರುಗಳಿಗೆ ನೀರು ಕೊಡುವ ಕೆರೆ, ಜಲಾಶಯಗಳು. ಮಟ್ಟ ಏರುತ್ತದೆ, ಇಳಿಯುತ್ತದೆ. ಹಿನ್ನೀರಿನ ಕಡೆ ನೆಲ ಬಹಳ ಸಣ್ಣಗೆ ಇಳಿಜಾರಾಗಿರುತ್ತದೆ. 50 ಅಡಿ ನಡೆದರೆ ಒಂದಡಿ ಇಳಿಯುವಂಥ ಜಾಗ ಅಂದುಕೊಳ್ಳಿ. ನೀರು ಬರೀ 3 ಇಂಚು ಏರಿದರೂ ಅಂಚು 12 ಅಡಿ ನಿಮ್ಮ ಕಡೆಗೆ ಬಂದಿರುತ್ತದೆ. ವಾಣಿವಿಲಾಸ ಸಾಗರಕ್ಕಂತೂ ವೇದಾವತಿಯ ನೀರಿನ ಜೊತೆಗೆ ಭದ್ರೆಯ ನೀರೂ ಬರುತ್ತದೆ, ಹಾಗಾಗಿ ಹಿರಿಯೂರಿನ ಕಡೆ ಮಳೆಯಿಲ್ಲ ಅಂದ ಮಾತ್ರಕ್ಕೆ ಮಟ್ಟ ಏರುವುದಿಲ್ಲ ಅನ್ನುವಂತಿಲ್ಲ. 1933ರಲ್ಲಿ ಕೋಡಿ ಬಿದ್ದ ಮೇಲೆ 89 ವರ್ಷ ತುಂಬದಿದ್ದ ಈ ಜಲಾಶಯ 2022ರಲ್ಲಿ ಕೋಡಿ ಬಿತ್ತು, 2025ರ ಜನವರಿಯಲ್ಲಿ ಮತ್ತೆ ಬಿತ್ತು. ಹತ್ತು ಹದಿನೈದು ವರ್ಷದ ಹಿಂದೆ ಹೋಗಿದ್ದವರು "ಅಲ್ಲೊಂದು ಒಳ್ಳೆ ಬಯಲಿದೆ" ಅಂತ ಹೇಳಿದರೆ, ಆ ಬಯಲು ಈಗ ನೀರಿನಡಿ ಇರಬಹುದು. ಪೂರ್ಣ ಮಟ್ಟ 130 ಅಡಿ. ಹೊರಡುವ ವಾರ ಈಗಿನ ಮಟ್ಟ ಎಷ್ಟು ಅಂತ ತಿಳಿದುಕೊಂಡು ಹೊರಡಿ.

ಜಾಗಕ್ಕೆ ಹೋದ ಮೇಲೆ ಜಾಲಿ ಗಿಡಗಳ ಬುಡ, ಕೊಂಬೆ ನೋಡಿ. ಒಣಗಿದ ಪಾಚಿ, ಕಸ, ಪ್ಲಾಸ್ಟಿಕ್ ಚೂರು ಸಿಕ್ಕಿಕೊಂಡಿದ್ದರೆ ಅಲ್ಲಿಯವರೆಗೂ ನೀರು ಬಂದಿತ್ತು ಅಂತ ಅರ್ಥ. ಆ ಗೆರೆಯ ಮೇಲೆ ಇರಿ. ಸಂಜೆ ನೀರಿನಂಚಿಗೆ ಒಂದು ಕಡ್ಡಿ ನೆಟ್ಟು, ಮಲಗುವ ಮುಂಚೆ ಟಾರ್ಚ್ ಹಾಕಿ ನೋಡಿದರೆ ನೀರು ಏರುತ್ತಿದೆಯೋ ಇಲ್ಲವೋ ಗೊತ್ತಾಗುತ್ತದೆ. ಕೆರೆಯ ಏರಿಯ ಮೇಲೆ, ತೂಬಿನ ಹತ್ತಿರ, ಕೋಡಿಯ ಕೆಳಗೆ, ಒಣಗಿದ ಹಳ್ಳದ ಪಾತ್ರದಲ್ಲಿ ಯಾವ ಕಾಲದಲ್ಲೂ ಟೆಂಟ್ ಬೇಡ.

ಇನ್ನು ಎರಡರಲ್ಲಿ ಯಾವುದು ಅನ್ನುವ ಪ್ರಶ್ನೆ. ಮಕ್ಕಳ ಜೊತೆ ಇದು ಮೊದಲ ಸಲವಾದರೆ ಎರಡೂ ಬಿಟ್ಟು ಹರಿಹರ ತಾಲ್ಲೂಕಿನ ಕೊಂಡಜ್ಜಿಯನ್ನು ವಿಚಾರಿಸಿ ಅಂತಲೇ ನಮ್ಮ ಸಲಹೆ. ಕೆರೆಯಿದೆ, ಕುರುಚಲು ಕಾಡಿದೆ, ಸ್ಕೌಟ್ಸ್ ಮತ್ತು ಗೈಡ್ಸ್ ಶಿಬಿರ ಕೇಂದ್ರವಿದೆ. ರಾತ್ರಿ ಮಗುವಿಗೆ ಜ್ವರ ಬಂದರೆ ಅರ್ಧ ಗಂಟೆಯ ಆಸುಪಾಸಿನಲ್ಲಿ ದಾವಣಗೆರೆಗೆ ವಾಪಸ್ ಬಂದಿರುತ್ತೀರಿ. ಆ ಕೇಂದ್ರದ ಆವರಣದಲ್ಲಿ ತಂಗಬೇಕಾದರೆ ಅವರ ಒಪ್ಪಿಗೆ ಮೊದಲೇ ಬೇಕು.

ಎರಡನೇ ಸಲಕ್ಕೆ ಚನ್ನಗಿರಿ ತಾಲ್ಲೂಕಿನ ಸೂಳೆಕೆರೆ. ಶಾಂತಿಸಾಗರ ಅಂದರೂ ಅದೇ. ದಾವಣಗೆರೆಯಿಂದ ಸುಮಾರು 40 ಕಿ.ಮೀ. ಸುತ್ತ ಅಡಿಕೆ ತೋಟಗಳಿರುವುದರಿಂದ ಗಾಳಿಗೆ ಮರೆ ಸಿಗುತ್ತದೆ, ಕೂಗಿದರೆ ಕೇಳುವಷ್ಟು ದೂರದಲ್ಲಿ ಜನ ಇರುತ್ತಾರೆ. ಹಿರಿಯೂರಿನಿಂದ ಸುಮಾರು 20 ಕಿ.ಮೀ. ದೂರದ ವಾಣಿವಿಲಾಸ ಸಾಗರ ನೋಟಕ್ಕೆ ಎಲ್ಲಕ್ಕಿಂತ ಮಿಗಿಲು. ಆದರೆ ಮಾರಿಕಣಿವೆ ಅನ್ನುವ ಹೆಸರೇ ಹೇಳುವಂತೆ ಅದು ಕಣಿವೆ. ಚಿತ್ರದುರ್ಗದ ಗುಡ್ಡಗಳ ಮೇಲೆ ಸುಮ್ಮನೆ ಗಾಳಿಯಂತ್ರ ನಿಲ್ಲಿಸಿಲ್ಲ. ಜೂನ್‌ನಿಂದ ಆಗಸ್ಟ್‌ವರೆಗೆ ಆ ಗಾಳಿಗೆ ಅಂಗಡಿಯ ಅಗ್ಗದ ಟೆಂಟಿನ ಕೋಲು ಬಿಲ್ಲಿನಂತೆ ಬಾಗಿ ಮುರಿಯುತ್ತದೆ. ಸ್ವಾತಿ, ವಿಶಾಖ ಮಳೆ ಮುಗಿದ ಮೇಲೆ, ಅಂದರೆ ನವೆಂಬರ್ ಕೊನೆಯಿಂದ ಫೆಬ್ರವರಿ ಮಧ್ಯದವರೆಗೆ ಹೋಗಿ. ಏಪ್ರಿಲ್, ಮೇನಲ್ಲಿ ಸಂಜೆ ಗುಡುಗು ಸಿಡಿಲಿನ ಮಳೆ. ಬಯಲಿನಲ್ಲಿ ಒಂಟಿಯಾಗಿ ನಿಂತ ಟೆಂಟಿಗೂ ಒಂಟಿ ಮರದ ಬುಡಕ್ಕೂ ಆಗ ರಕ್ಷಣೆಯಿಲ್ಲ, ಕಾರಿನೊಳಗೆ ಕೂರುವುದೇ ಸರಿ.

ಅನುಮತಿಯ ವಿಷಯದಲ್ಲಿ ಉದಾಸೀನ ಬೇಡ. ಕೆರೆಯಂಗಳ ಮತ್ತು ಏರಿ ನೀರಾವರಿಯವರ ಸುಪರ್ದಿ, ಗುಡ್ಡಗಳ ಬಹುಪಾಲು ಅರಣ್ಯ ಇಲಾಖೆಯದ್ದು, ಉಳಿದದ್ದು ರೈತರ ಪಟ್ಟಾ ಜಮೀನು. ಜೋಗಿಮಟ್ಟಿಯಂಥ ಅರಣ್ಯದಲ್ಲಿ ಒಪ್ಪಿಗೆಯಿಲ್ಲದೆ ರಾತ್ರಿ ಉಳಿಯುವುದು ಅಪರಾಧ. ಕುಟುಂಬಕ್ಕೆ ಎಲ್ಲಕ್ಕಿಂತ ಸುಲಭದ ದಾರಿ ತೋಟದವರನ್ನು ಕೇಳುವುದು. ಹಗಲಲ್ಲೇ ಹೋಗಿ, "ಯಜಮಾನ್ರೇ, ಒಂದು ರಾತ್ರಿ ಟೆಂಟ್ ಹಾಕ್ಕೊಂತೀವಿ, ಬೆಂಕಿ ಹಾಕಲ್ಲ, ಬೆಳಗ್ಗೆ ಎಂಟಕ್ಕೆ ಖಾಲಿ ಮಾಡ್ತೀವಿ" ಅಂತ ಇಷ್ಟನ್ನೂ ಬಿಡಿಸಿ ಹೇಳಿ. ಬೆಂಕಿ ಮತ್ತು ಖಾಲಿ ಮಾಡುವ ಹೊತ್ತು, ಈ ಎರಡೇ ಅವರಿಗೆ ಚಿಂತೆ. ಹಾಗೆಯೇ ಅವರನ್ನು ಒಂದು ಮಾತು ಕೇಳಲೇಬೇಕು: ಸುತ್ತಮುತ್ತ ಹಂದಿ ಕಾಟಕ್ಕೆ ಯಾರಾದರೂ ತಂತಿಗೆ ಕರೆಂಟ್ ಬಿಡುತ್ತಾರಾ? ಮೆಕ್ಕೆಜೋಳ, ಶೇಂಗಾ ಹೊಲಗಳಲ್ಲಿ ಇದು ಕಾನೂನಿಗೆ ವಿರುದ್ಧವಾದರೂ ನಡೆಯುತ್ತದೆ, ಜೀವ ಹೋಗಿದೆ. ಕತ್ತಲಾದ ಮೇಲೆ ಯಾರ ಹೊಲವನ್ನೂ ದಾಟಬೇಡಿ.

ನೆಲ ಆರಿಸುವಾಗ ಮಣ್ಣು ನೋಡಿ. ಎರೆ ಮಣ್ಣಾದರೆ ಒಂದು ಹದ ಮಳೆಗೆ ಕಾರಿನ ಚಕ್ರ ಹೂತು ಹೋಗುತ್ತದೆ. ಒಣಗಿದಾಗ ಬಿರುಕು ಬಿಟ್ಟಿರುತ್ತದೆ, ಗೂಟ ನಿಲ್ಲುವುದಿಲ್ಲ, ಬಿರುಕಿನೊಳಗೆ ಚೇಳು, ಹಾವು ಇರುತ್ತವೆ. ಗರಸು ಇರುವ ಕೆಂಪು ಮಣ್ಣು ಒಳ್ಳೆಯದು. ಆದರೆ ಟೆಂಟಿನ ಜೊತೆ ಬರುವ ತೆಳು ಗೂಟ ಅದರಲ್ಲಿ ಬಾಗುತ್ತದೆ. ಒಂದಡಿ ಉದ್ದದ ಕಬ್ಬಿಣದ ಸರಳು ಎಂಟು, ಒಂದು ಸುತ್ತಿಗೆ ಒಯ್ಯಿರಿ. ಗೂಟವನ್ನು ನೆಟ್ಟಗೆ ಹೊಡೆಯದೆ, ತಲೆ ಟೆಂಟಿನಿಂದ ಹೊರಗೆ ವಾಲುವಂತೆ ಓರೆಯಾಗಿ ಹೊಡೆಯಿರಿ. ನೆಟ್ಟಗಿದ್ದರೆ ಹಗ್ಗ ಜಾರಿ ಮೇಲೆ ಬರುತ್ತದೆ.

ಈ ಕಡೆಯ ಇನ್ನೊಂದು ಶತ್ರು ಬಳ್ಳಾರಿ ಜಾಲಿಯ ಮುಳ್ಳು. ಒಣಗಿದ ಮುಳ್ಳು ಮಣ್ಣಿನ ಬಣ್ಣಕ್ಕೇ ತಿರುಗಿರುವುದರಿಂದ ಕಣ್ಣಿಗೆ ಬೀಳುವುದಿಲ್ಲ. ಟೆಂಟಿನ ತಳ, ಗಾಳಿ ತುಂಬಿದ ಹಾಸಿಗೆ, ಕೆಲವೊಮ್ಮೆ ಟೈರನ್ನೂ ತೂತು ಮಾಡುತ್ತದೆ. ಮೊದಲು ಪೊರಕೆಯಲ್ಲಿ ಗುಡಿಸಿ, ಆಮೇಲೆ ದಪ್ಪ ಗೋಣಿಚೀಲವನ್ನು ನೆಲದ ಮೇಲೆ ಎಳೆದಾಡಿ. ಉಳಿದ ಮುಳ್ಳು ಅದಕ್ಕೆ ಚುಚ್ಚಿಕೊಂಡು ಬರುತ್ತದೆ. ಅದರ ಮೇಲೆ ಟಾರ್ಪಾಲ್, ಟಾರ್ಪಾಲಿನ ಮೇಲೆ ಟೆಂಟ್. ಟಾರ್ಪಾಲ್ ಟೆಂಟಿನ ತಳಕ್ಕಿಂತ ನಾಲ್ಕೂ ಕಡೆ ಎರಡು ಇಂಚು ಒಳಗಿರಲಿ. ಹೊರಗೆ ಚಾಚಿದರೆ ಮಳೆ ನೀರನ್ನು ಹಿಡಿದು ನಿಮ್ಮ ಕೆಳಗೇ ತಂದು ನಿಲ್ಲಿಸುತ್ತದೆ.

ಬೆಳಗಿನ ಜಾವ ಟೆಂಟಿನ ಒಳಮೈ ಬೆವರಿ ಹನಿ ಬಿದ್ದರೆ ಜನ ಟೆಂಟ್ ಸೋರುತ್ತಿದೆ ಅಂದುಕೊಳ್ಳುತ್ತಾರೆ. ಸೋರಿಕೆ ಅಲ್ಲ. ನಾಲ್ಕು ಜನರ ಉಸಿರಿನ ತೇವ ತಣ್ಣಗಾದ ಬಟ್ಟೆಗೆ ತಗುಲಿ ನೀರಾಗಿರುತ್ತದೆ. ಕೆರೆ ಪಕ್ಕದ ಗಾಳಿಯೂ ತೇವವಾಗಿರುವುದರಿಂದ ಅದು ಇನ್ನೂ ಹೆಚ್ಚು. ಚಳಿ ಅಂತ ಎಲ್ಲ ಜಿಪ್ ಎಳೆದರೆ ಖಂಡಿತ ತೊಯ್ಯುತ್ತೀರಿ. ಸೊಳ್ಳೆ ಪರದೆಯ ಜಿಪ್ ಮುಚ್ಚಿ, ಮೇಲಿನ ಕಿಂಡಿ ಮತ್ತು ಎದುರು ಬದಿಯ ಕಿಟಕಿ ಅರ್ಧ ತೆರೆದಿಡಿ. ಪರದೆಯ ಜಿಪ್ ಮಾತ್ರ ಒಂದು ಬೆರಳಷ್ಟೂ ಬಿಡಬಾರದು: ನೆಲದಲ್ಲಿ ಮಲಗಿದವರನ್ನು ಕಟ್ಟುಹಾವು ನಿದ್ದೆಯಲ್ಲೇ ಕಚ್ಚುತ್ತದೆ, ಎಷ್ಟೋ ಸಲ ನೋವೂ ಆಗುವುದಿಲ್ಲ. ಯಾವ ಹಾವೇ ಕಚ್ಚಲಿ, ಕಟ್ಟಬೇಡಿ, ಕುಯ್ಯಬೇಡಿ. ಕಚ್ಚಿದ ಕೈಕಾಲು ಅಲುಗಾಡದಂತೆ ಮಲಗಿಸಿ 108ಕ್ಕೆ ಫೋನ್ ಮಾಡಿ, ಇಲ್ಲವೇ ಕಾರಿನಲ್ಲೇ ತಾಲ್ಲೂಕು ಆಸ್ಪತ್ರೆಗೆ ಹೊರಡಿ. ಅದಕ್ಕೇ ಕಾರನ್ನು ರಸ್ತೆ ಕಡೆ ಮುಖ ಮಾಡಿ ನಿಲ್ಲಿಸಿರಬೇಕು.

ನೀರಿನ ಲೆಕ್ಕ ಸುಲಭ. ಒಬ್ಬರಿಗೆ ಕುಡಿಯಲು 3 ಲೀಟರ್, ಅಡುಗೆ ಮತ್ತು ತೊಳೆಯಲು 3 ಲೀಟರ್, ನಾಲ್ವರಿಗೆ 24 ಲೀಟರ್. 20 ಲೀಟರಿನ ಒಂದು ಕ್ಯಾನ್, ಲೀಟರಿನ ನಾಲ್ಕು ಬಾಟಲಿ. ದಾರಿಯ ಹಳ್ಳಿಗಳ ಶುದ್ಧ ಕುಡಿಯುವ ನೀರಿನ ಘಟಕದಲ್ಲಿ ತುಂಬಿಸಬಹುದು, ಚಿಲ್ಲರೆ ನಾಣ್ಯ ಇಟ್ಟುಕೊಳ್ಳಿ. ಕೆರೆ ನೀರಿನಲ್ಲಿ ಸೋಪು ಹಾಕಿ ಪಾತ್ರೆ ತೊಳೆಯಬೇಡಿ, ಊರುಗಳು ಕುಡಿಯುವ ನೀರು ಅದು. ಶೌಚಕ್ಕೆ ನೀರಿನಿಂದ 200 ಅಡಿ ದೂರದಲ್ಲಿ ಗೇಣುದ್ದ ಗುಂಡಿ ತೋಡಿ ಮಣ್ಣು ಮುಚ್ಚಿ.

ಊಟಕ್ಕೆ ದಾವಣಗೆರೆಯವರಿಗೆ ಹೇಳಬೇಕೇ? 250 ಗ್ರಾಂ ಮಂಡಕ್ಕಿಯ ಒಗ್ಗರಣೆ ನಾಲ್ವರಿಗೆ ಸಾಕು, ಹತ್ತು ನಿಮಿಷದ ಕೆಲಸ. ಈರುಳ್ಳಿ, ಮೆಣಸಿನಕಾಯಿ ಮನೆಯಲ್ಲೇ ಹೆಚ್ಚಿಕೊಳ್ಳಿ, ಹುರಿಗಡಲೆ ಪುಡಿ ಬೇರೆ ಕಟ್ಟಿಕೊಳ್ಳಿ. ಮಂಡಕ್ಕಿ ನೆನೆಸಿದ ನೀರು ಕೈ ತೊಳೆಯಲು ಆಗುತ್ತದೆ. ಬೆಳಗ್ಗೆಗೆ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಮೊಸರು. ಗ್ಯಾಸ್ ಒಲೆಯನ್ನು ಟೆಂಟ್ ಒಳಗೆ ಹಚ್ಚಲೇಬೇಡಿ: ಬೆಂಕಿ ಒಂದು ಭಯವಾದರೆ, ಮುಚ್ಚಿದ ಜಾಗದಲ್ಲಿ ಸೇರಿಕೊಳ್ಳುವ ವಿಷಾನಿಲ ಇನ್ನೊಂದು. ಚಿತ್ರದುರ್ಗದ ಗುಡ್ಡಗಳ ಕಡೆ ಕರಡಿಗಳಿವೆ, ಉಳಿದ ಊಟ, ಹಣ್ಣಿನ ಸಿಪ್ಪೆ ಕಾರಿನೊಳಗಿಟ್ಟು ಲಾಕ್ ಮಾಡಿ.

ಮಕ್ಕಳು ನೀರಿಗೆ ಇಳಿಯುವುದು ಬೇಡ, ಮೊಣಕಾಲುದ್ದದಲ್ಲೂ ಬೇಡ. ಬೇಸಿಗೆಯಲ್ಲಿ ಗೋಡು ಮಣ್ಣು ತೆಗೆದ ಗುಂಡಿಗಳು ಮಳೆಗಾಲದಲ್ಲಿ ನೀರಿನಡಿ ಮುಚ್ಚಿಹೋಗುತ್ತವೆ. ಒಂದು ಹೆಜ್ಜೆ ಮೊಣಕಾಲುದ್ದ, ಮುಂದಿನ ಹೆಜ್ಜೆ ಆಳುದ್ದ. ತಳದ ಹೂಳು ಕಾಲು ಬಿಡುವುದಿಲ್ಲ, ಈಜು ಬಂದವರೂ ಅಲ್ಲೇ ಸೋಲುತ್ತಾರೆ.

ಬೆಳಗ್ಗೆ ಹೊರಡುವಾಗ ಟೆಂಟ್ ಇಬ್ಬನಿಗೆ ಒದ್ದೆಯಾಗಿರುತ್ತದೆ. ಹಾಗೆಯೇ ಸುತ್ತಿ ಅಟ್ಟದ ಮೇಲಿಟ್ಟರೆ ವಾರದೊಳಗೆ ಬೂಷ್ಟು ಹಿಡಿಯುತ್ತದೆ, ಹೀಗೇ ಮಾಡುತ್ತಿದ್ದರೆ ಒಳಗಿನ ನೀರು ತಡೆಯುವ ಲೇಪ ಅಂಟಂಟಾಗಿ ಏಳುತ್ತದೆ. ಭಾನುವಾರ ಮಧ್ಯಾಹ್ನವೇ ಮಹಡಿಯ ಮೇಲೆ ನೆರಳಲ್ಲಿ ಹರವಿ, ಹೊಲಿಗೆ ಪೂರ್ತಿ ಒಣಗಿದೆಯೇ ಅಂತ ಬೆರಳಾಡಿಸಿ ನೋಡಿ, ಆಮೇಲೆ ಮಡಿಸಿಡಿ.