ಕಂಚಿನ ಕಾಸಿನ ಮೇಲೆ ದೇವರು ಬದಲಾದದ್ದು ಹೇಗೆ?

ಕ್ರಿ.ಶ. 312ರಲ್ಲಿ ರೋಮ್‌ ಹತ್ತಿರದ ಮಿಲ್ವಿಯನ್ ಸೇತುವೆ ಬಳಿ ನಡೆದ ಯುದ್ಧವನ್ನು ರೋಮನ್ ಚಕ್ರವರ್ತಿ ಕಾನ್‌ಸ್ಟಂಟೈನ್ ಗೆದ್ದ. ಗೆಲ್ಲಿಸಿದ್ದು ಕ್ರಿಸ್ತನೇ ಎಂದು ಆಮೇಲೆ ಹೇಳಿಕೊಂಡ. ಹಾಗಾದರೆ ಅವನ ಕಾಸಿನ ಮೇಲೆ ಕೂಡಲೇ ಶಿಲುಬೆ ಬಂದಿರಬೇಕು ಅಲ್ವಾ? ಬರಲಿಲ್ಲ. ಇನ್ನೂ ಐದಾರು ವರ್ಷ ಅವನ ಕಂಚಿನ ನಾಣ್ಯಗಳ ಹಿಂಬದಿಯಲ್ಲಿ ಸೂರ್ಯದೇವನೇ ನಿಂತಿದ್ದ. ತಲೆಯ ಸುತ್ತ ಕಿರಣ, ಎತ್ತಿದ ಬಲಗೈ, ಎಡಗೈಯಲ್ಲಿ ಗೋಳ. ಜೊತೆಗೆ ‘ಸೋಲಿ ಇನ್ವಿಕ್ಟೊ ಕಾಮಿಟಿ’ ಎಂಬ ಬರಹ. ಜೊತೆಗಾರನಾದ, ಸೋಲಿಲ್ಲದ ಸೂರ್ಯನಿಗೆ ಎಂದು ಅರ್ಥ. (ಲ್ಯಾಟಿನ್ನಿನ ‘ಸೋಲಿ’ ಅಂದರೆ ಸೂರ್ಯನಿಗೆ. ನಮ್ಮ ಸೋಲಿಗೂ ಅದಕ್ಕೂ ನಂಟಿಲ್ಲ!)

ಕಾಸು ಮತ್ತು ದೇವರ ಒಡನಾಟ ರೋಮಿನಲ್ಲಿ ತುಂಬಾ ಹಳೆಯದು. ಟಂಕಸಾಲೆ ಇದ್ದದ್ದೇ ಜೂನೊ ಮೊನೇಟಾ ದೇವಿಯ ಗುಡಿಯ ಮಗ್ಗುಲಲ್ಲಿ. ಇಂಗ್ಲಿಷಿನ ‘ಮನಿ’ ಹುಟ್ಟಿದ್ದು ಆ ಹೆಸರಿನಿಂದ. ಕ್ರಿ.ಪೂ. 3ನೇ ಶತಮಾನದಲ್ಲಿ ಎರಕ ಹೊಯ್ದ ‘ಆಸ್’ ಎಂಬ ನಾಣ್ಯ ಕಾಲು ಕಿಲೋಗಿಂತ ಜಾಸ್ತಿ ತೂಗುತ್ತಿತ್ತು. ಒಂದು ಕಡೆ ಎರಡು ಮುಖದ ಜಾನಸ್, ಇನ್ನೊಂದು ಕಡೆ ಹಡಗಿನ ಮೂತಿ. ಹುಡುಗರು ನಾಣ್ಯ ಚಿಮ್ಮುವಾಗ ‘ತಲೆಯೋ ಹಡಗೋ’ ಎಂದೇ ಕೂಗುತ್ತಿದ್ದರು. ಅರ್ಧ ಆಸ್‌ಗೆ ಸ್ಯಾಟರ್ನ್, ಮೂರರಲ್ಲೊಂದು ಪಾಲಿಗೆ ಮಿನರ್ವಾ, ಕಾಲು ಆಸ್‌ಗೆ ಹರ್ಕ್ಯುಲಿಸ್. ಓದು ಬಾರದವನೂ ಮುಖ ನೋಡಿ ಬೆಲೆ ಹೇಳಬಹುದಿತ್ತು.

ಚಕ್ರವರ್ತಿಗಳು ಬಂದ ಮೇಲೆ ಮುಂಬದಿ ಅವರ ಪಾಲಾಯಿತು, ದೇವರು ಹೆಚ್ಚಾಗಿ ಹಿಂಬದಿಗೆ ಸರಿದರು. ನೀರೋ ಅಂತೂ ಲೋಕವೆಲ್ಲ ಶಾಂತವಾಗಿದೆ ಎಂದು ಸಾರಲು ಜಾನಸ್ ಗುಡಿಯ ಮುಚ್ಚಿದ ಬಾಗಿಲನ್ನೇ ಅಚ್ಚು ಹಾಕಿಸಿದ.

ಇಂಥ ರೂಢಿಯನ್ನು ಒಂದೇ ಏಟಿಗೆ ಮುರಿಯುವ ಧೈರ್ಯ ಕಾನ್‌ಸ್ಟಂಟೈನ್‌ಗೂ ಇರಲಿಲ್ಲ ಎನಿಸುತ್ತದೆ. ಸೂರ್ಯ ಸದ್ದಿಲ್ಲದೆ ಮರೆಯಾದ. 327ರ ಹೊತ್ತಿಗೆ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಒಂದು ಪುಟ್ಟ ಕಂಚಿನ ಕಾಸು ಹೊರಬಂತು. ಅದರಲ್ಲಿ ಒಂದು ಬಾವುಟ, ಬಟ್ಟೆಯ ಮೇಲೆ ಮೂರು ಚುಕ್ಕಿ. ಕೋಲಿನ ಬುಡ ಹಾವನ್ನು ಚುಚ್ಚಿದೆ. ತುದಿಯಲ್ಲಿ ಸಾಸಿವೆಯಷ್ಟು ಚಿಕ್ಕದಾಗಿ ‘ಖಿ-ರೋ’, ಅಂದರೆ ಕ್ರಿಸ್ತನ ಹೆಸರಿನ ಮೊದಲೆರಡು ಗ್ರೀಕ್ ಅಕ್ಷರ ಹೆಣೆದ ಗುರುತು. ಹಾವು ಅಂದರೆ 324ರಲ್ಲಿ ಸೋತ ಎದುರಾಳಿ ಲಿಸಿನಿಯಸ್ ಎಂದು ಹಲವರ ಊಹೆ. ಈ ಕಾಸು ಇಂದು ಬಲು ಅಪರೂಪ.

ಆ ಗುರುತು ಹಿಂಬದಿ ತುಂಬ ಹರಡಿಕೊಂಡದ್ದು ಸುಮಾರು 353ರಲ್ಲಿ, ದಂಗೆ ಎದ್ದು ಪಟ್ಟಕ್ಕೇರಿದ ಮ್ಯಾಗ್ನೆಂಟಿಯಸ್ ಕಾಲದಲ್ಲಿ. ಹತ್ತೇ ವರ್ಷದೊಳಗೆ ಹಳೆ ದೇವರ ಭಕ್ತನಾದ ಚಕ್ರವರ್ತಿ ಜೂಲಿಯನ್ ಬಂದು ಗೂಳಿಯ ಚಿತ್ರ ಹಾಕಿಸಿದ. ಅಂತಿಯೋಕ್ ನಗರದ ಜನ ಅದನ್ನು ಆಡಿಕೊಂಡು ನಕ್ಕರು.

ಕೊನೆಗೆ ಬಲಿಪೂಜೆ ನಿಲ್ಲಿಸಿದ್ದು ಚಕ್ರವರ್ತಿ ಥಿಯೋಡೋಸಿಯಸ್. ಅವನ ಒಂದು ಗ್ರಾಮಿನ ಆಸುಪಾಸಿನ ಚಿಲ್ಲರೆ ಕಾಸನ್ನೇ ನೋಡಿ. ರೆಕ್ಕೆಯ ವಿಜಯದೇವಿ ಸೆರೆಯಾಳನ್ನು ಎಳೆದುಕೊಂಡು ನಡೆದಿದ್ದಾಳೆ. ಅವಳ ಮುಂದೆ, ಅಂಚಿಗೆ ಒತ್ತಿಕೊಂಡು, ಚಿಕ್ಕದೊಂದು ಖಿ-ರೋ.