ಮ್ಯಾಜಿಕ್ ನಂಬರ್: 163 ಯಾಕೆ, 162 ಯಾವಾಗ

ಸೆಪ್ಟೆಂಬರ್ ಬಂತೆಂದರೆ ಬೇಸ್‌ಬಾಲ್ ಅಭಿಮಾನಿಗಳ ಮಾತೇ ಬದಲಾಗುತ್ತದೆ. ಹೋಮ್ ರನ್ ಯಾರು ಹೊಡೆದರು ಅನ್ನುವುದಕ್ಕಿಂತ ಜಾಸ್ತಿ ‘ನಮ್ಮ ನಂಬರ್ ಎಷ್ಟಕ್ಕೆ ಬಂತು’, ‘ಟೈಬ್ರೇಕರ್ ಯಾರ ಕೈಲಿದೆ’, ‘ಸೋಲಿನ ಕಾಲಂ ನೋಡು’ ಅನ್ನುವ ಮಾತೇ ಕಿವಿಗೆ ಬೀಳುತ್ತದೆ. ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್ ನೋಡಲು ಈಚೆಗೆ ಶುರು ಮಾಡಿದವರು ಇಲ್ಲೇ ಕಂಗಾಲಾಗುವುದು. ಆ ನಂಬರ್ ಅಂದರೆ ಮ್ಯಾಜಿಕ್ ನಂಬರ್, ಸ್ಥಾನ ಗಟ್ಟಿ ಆಗಲು ಇನ್ನೆಷ್ಟು ಅನುಕೂಲದ ಫಲಿತಾಂಶ ಬೇಕು ಅನ್ನುವ ಲೆಕ್ಕ. ಈ ಲೆಕ್ಕ ನನಗೂ ಈಗಷ್ಟೇ ಬಿಡಿಸಿದ ಗಂಟು. ಮರೆಯುವ ಮುಂಚೆ ಬರೆದಿಡುತ್ತಿದ್ದೇನೆ. ಆಟದ ನಿಯಮಗಳು ನಿಮಗೆ ಗೊತ್ತಿವೆ ಅಂದುಕೊಂಡೇ ಮುಂದೆ ಹೋಗುತ್ತೇನೆ.

ಚೌಕಟ್ಟು

ಒಟ್ಟು 30 ತಂಡ, ಎರಡು ಲೀಗ್. ಪ್ರತಿ ಲೀಗಿನಲ್ಲಿ ಈಸ್ಟ್, ಸೆಂಟ್ರಲ್, ವೆಸ್ಟ್ ಅಂತ ಮೂರು ಡಿವಿಷನ್, ಒಂದೊಂದರಲ್ಲಿ ಐದು ತಂಡ. ಪ್ರತಿ ತಂಡಕ್ಕೂ 162 ಪಂದ್ಯ. 2022ರಿಂದ ಪ್ರತಿ ಲೀಗಿನಿಂದ ಆರು ತಂಡಗಳು ಪ್ಲೇಆಫ್‌ಗೆ ಹೋಗುತ್ತವೆ. ಡಿವಿಷನ್ ಗೆದ್ದ ಮೂರು, ಉಳಿದವುಗಳಲ್ಲಿ ಒಳ್ಳೆಯ ದಾಖಲೆ ಇರುವ ಮೂರು. ಈ ಕೊನೆಯ ಮೂರಕ್ಕೆ ವೈಲ್ಡ್ ಕಾರ್ಡ್ ಅನ್ನುತ್ತಾರೆ. ಡಿವಿಷನ್ ಗೆದ್ದವರಲ್ಲಿ ಮೇಲಿನ ಇಬ್ಬರು ಮೊದಲ ಸುತ್ತು ಆಡಬೇಕಿಲ್ಲ, ನೇರ ಎರಡನೇ ಸುತ್ತಿಗೆ.

ಪಾಯಿಂಟ್ಸ್ ಅಂತ ಇಲ್ಲ. ಒಬ್ಬರು ಗೆಲ್ಲುತ್ತಾರೆ, ಒಬ್ಬರು ಸೋಲುತ್ತಾರೆ, ಅಷ್ಟೇ. 83-78 ಅಂದರೆ 83 ಗೆಲುವು, 78 ಸೋಲು.

‘ಗೇಮ್ಸ್ ಬಿಹೈಂಡ್’ ಮತ್ತು ಅರ್ಧ ಪಂದ್ಯ

ಪಟ್ಟಿಯಲ್ಲಿ ಮೊದಲು ಕಣ್ಣಿಗೆ ಬೀಳುವುದು, ಮುಂದಿರುವ ತಂಡಕ್ಕಿಂತ ಎಷ್ಟು ಪಂದ್ಯ ಹಿಂದೆ ಅಂತ ಹೇಳುವ ಈ ಕಾಲಂ. ಗೆಲುವಿನ ವ್ಯತ್ಯಾಸ, ಸೋಲಿನ ವ್ಯತ್ಯಾಸ ಎರಡನ್ನೂ ಕೂಡಿಸಿ ಎರಡರಿಂದ ಭಾಗಿಸಿದರೆ ಇದು ಸಿಗುತ್ತದೆ. ಮಳೆ ಬಂದು ಒಂದು ತಂಡದ ಪಂದ್ಯ ಮುಂದಕ್ಕೆ ಹೋದರೆ ಇಬ್ಬರೂ ಆಡಿದ ಪಂದ್ಯಗಳ ಸಂಖ್ಯೆ ಬೇರೆಬೇರೆ ಆಗುತ್ತದೆ. ಆಗಲೇ ಈ ಅರ್ಧ ಬರುವುದು. 2025ರ ಜುಲೈ 8ರಂದು ಕ್ಲೀವ್‌ಲ್ಯಾಂಡ್ ಗಾರ್ಡಿಯನ್ಸ್ ತಂಡ ಡೆಟ್ರಾಯಿಟ್ ಟೈಗರ್ಸ್‌ಗಿಂತ ಹದಿನೈದೂವರೆ ಪಂದ್ಯ ಹಿಂದಿತ್ತು. ಕೊನೆಗೆ ಗಾರ್ಡಿಯನ್ಸ್ 88-74, ಟೈಗರ್ಸ್ 87-75. ಡಿವಿಷನ್ ಗಾರ್ಡಿಯನ್ಸ್ ಪಾಲಾಯಿತು. ಜುಲೈಯಲ್ಲೇ ‘ಮುಗಿಯಿತು ಬಿಡು’ ಅನ್ನುವವರಿಗೆ ಇದನ್ನು ತೋರಿಸಬೇಕು.

ಆದರೆ ಕೊನೆಯ ವಾರಗಳಲ್ಲಿ ಈ ಕಾಲಂ ನೆಚ್ಚಿಕೊಂಡು ಕೂರಬೇಡಿ. ಅನುಭವಸ್ಥ ಅಭಿಮಾನಿಗಳು ಸೋಲಿನ ಕಾಲಂ ನೋಡುತ್ತಾರೆ. ಒಂದು ತಂಡ 80-60, ಇನ್ನೊಂದು 78-60 ಅಂದುಕೊಳ್ಳಿ. ಪಟ್ಟಿಯ ಪ್ರಕಾರ ಎರಡನೆಯದು ಒಂದು ಪಂದ್ಯ ಹಿಂದಿದೆ. ಆದರೆ ಸೋಲು ಇಬ್ಬರದೂ 60. ಎರಡನೆಯವರಿಗೆ ಆಡಲು ಎರಡು ಪಂದ್ಯ ಜಾಸ್ತಿ ಉಳಿದಿವೆ. ಅವೆರಡನ್ನೂ ಗೆದ್ದರೆ ಸಮ. ಆಡದ ಪಂದ್ಯವನ್ನು ಗೆಲ್ಲಬಹುದು, ಸೋತ ಪಂದ್ಯವನ್ನು ಅಳಿಸಲು ಆಗುವುದಿಲ್ಲ. ಈ ಒಂದು ಸಾಲು ಮನಸ್ಸಿನಲ್ಲಿ ಕೂತರೆ ಮುಂದಿನದೆಲ್ಲ ಸಲೀಸು.

ಮ್ಯಾಜಿಕ್ ನಂಬರ್

ಸೂತ್ರ ಎಲ್ಲ ಕಡೆ ಸಿಗುತ್ತದೆ:

163 − ಮುಂದಿರುವವರ ಗೆಲುವು − ಹಿಂದಿರುವವರ ಸೋಲು

ಇದು ಸೊನ್ನೆಗೆ ಬಂದ ದಿನ ಮುಂದಿರುವ ತಂಡಕ್ಕೆ ಸ್ಥಾನ ಗಟ್ಟಿ. ಅದನ್ನೇ ‘ಕ್ಲಿಂಚ್’ ಅನ್ನುವುದು. ಸೂತ್ರ ಬಾಯಿಪಾಠ ಆಗುತ್ತದೆ, ತಲೆಗೆ ಹೋಗುವುದಿಲ್ಲ. ಎರಡು ಪ್ರಶ್ನೆ ಉಳಿಯುತ್ತವೆ. 162 ಪಂದ್ಯಕ್ಕೆ 163 ಎಲ್ಲಿಂದ ಬಂತು? ಹಿಂದಿರುವ ತಂಡದ ಗೆಲುವು ಈ ಲೆಕ್ಕದಲ್ಲಿ ಎಲ್ಲೂ ಇಲ್ಲವಲ್ಲ, ಅವರು ಗೆದ್ದರೆ ನಮ್ಮ ನಂಬರ್ ಏರಬೇಕಲ್ವಾ?

ಎರಡನೆಯ ಪ್ರಶ್ನೆಯಿಂದಲೇ ಶುರು ಮಾಡಬೇಕು. ಹಿಂದಿರುವ ತಂಡ ಇನ್ನು ಮುಂದೆ ಒಂದೂ ಸೋಲದೆ ಎಲ್ಲ ಪಂದ್ಯ ಗೆಲ್ಲುತ್ತದೆ ಅಂದುಕೊಳ್ಳಿ. ಆಗ ಅವರ ಗೆಲುವು ಎಷ್ಟಾಗುತ್ತದೆ? 162ರಲ್ಲಿ ಈಗಾಗಲೇ ಸೋತಿದ್ದನ್ನು ಕಳೆದರೆ ಎಷ್ಟೋ ಅಷ್ಟು. ಅವರು ಏರಬಹುದಾದ ಎತ್ತರ ಅದು. ಈವರೆಗೆ ಎಷ್ಟು ಗೆದ್ದಿದ್ದಾರೆ ಅನ್ನುವುದು ಆ ಎತ್ತರಕ್ಕೆ ಬೇಕೇ ಇಲ್ಲ, ಯಾಕೆಂದರೆ ಸೋಲದ ಪ್ರತಿ ಪಂದ್ಯವನ್ನೂ ಗೆಲುವು ಅಂತ ಆಗಲೇ ಎಣಿಸಿಬಿಟ್ಟಿದ್ದೇವೆ. ಇವತ್ತು ಅವರು ಗೆದ್ದರೆ ನಾವು ಎಣಿಸಿದ್ದೇ ನಡೆಯಿತು, ಹೊಸದೇನೂ ಇಲ್ಲ. ಅದಕ್ಕೇ ನಂಬರ್ ಅಲುಗಾಡುವುದಿಲ್ಲ. ಅವರು ಸೋತರೆ ಮಾತ್ರ ಆ ಎತ್ತರ ಒಂದು ಮೆಟ್ಟಿಲು ಇಳಿಯುತ್ತದೆ.

ಈಗ ಮೊದಲ ಪ್ರಶ್ನೆ. ಮುಂದಿರುವವರು ಆ ಎತ್ತರವನ್ನು ಮುಟ್ಟಿದರೆ ಸಾಲದು, ಒಂದಾದರೂ ಹೆಚ್ಚು ಗೆಲ್ಲಬೇಕು. ಮುಟ್ಟಿದರೆ ಸಮ ಆಗುತ್ತದೆ ಅಷ್ಟೇ. 162ಕ್ಕೆ ಸೇರಿದ ಆ ಒಂದೇ 163 ಆಗಿದ್ದು. ಅದರಿಂದ ಅವರ ಸೋಲು ಕಳೆದರೆ ನಮಗೆ ಒಟ್ಟು ಎಷ್ಟು ಗೆಲುವು ಬೇಕು ಅಂತ ಗೊತ್ತಾಗುತ್ತದೆ. ನಮ್ಮ ಈಗಿನ ಗೆಲುವನ್ನೂ ಕಳೆದರೆ ಇನ್ನೆಷ್ಟು ಬೇಕು ಅಂತ.

ಹಾಗಾಗಿ ನಂಬರ್ ಇಳಿಯಲು ಎರಡೇ ದಾರಿ: ನಾವು ಗೆಲ್ಲುವುದು, ಅವರು ಸೋಲುವುದು. ಇಬ್ಬರೂ ಪರಸ್ಪರ ಆಡುವ ದಿನ ನಾವು ಗೆದ್ದರೆ ಒಟ್ಟಿಗೆ ಎರಡು ಇಳಿಯುತ್ತದೆ. ಏರುವುದಂತೂ ಇಲ್ಲವೇ ಇಲ್ಲ. ನಾವು ಸೋತು ಅವರು ಗೆದ್ದ ದಿನ ನಂಬರ್ ಇದ್ದಲ್ಲೇ ಇರುತ್ತದೆ, ಆದರೆ ಉಳಿದ ದಿನಗಳಲ್ಲಿ ಒಂದು ಕಮ್ಮಿ. ಅಭಿಮಾನಿಗಳ ಹೊಟ್ಟೆಯಲ್ಲಿ ಸಂಕಟ ಶುರುವಾಗುವುದು ಅಲ್ಲೇ.

ಇದನ್ನು ಅಂಕಿಯಲ್ಲೇ ನೋಡಬೇಕಾದರೆ 2007ರ ನ್ಯೂಯಾರ್ಕ್ ಮೆಟ್ಸ್ ಕಥೆ ಸಾಕು. ಸೆಪ್ಟೆಂಬರ್ 12ರ ಆಟ ಮುಗಿದಾಗ ಮೆಟ್ಸ್ 83-62, ಫಿಲಡೆಲ್ಫಿಯಾ ಫಿಲೀಸ್ 76-69. ಏಳು ಪಂದ್ಯದ ಮುನ್ನಡೆ, ಉಳಿದಿದ್ದು 17 ಪಂದ್ಯ. ನಂಬರ್ 163 − 83 − 69, ಅಂದರೆ 11. ಎರಡೂ ತಂಡದ್ದು ಸೇರಿ 34 ಪಂದ್ಯ ಬಾಕಿ, ಅದರಲ್ಲಿ 11 ಸಲ ಸರಿಯಾದ ಫಲಿತಾಂಶ ಬಂದರೆ ಸಾಕಿತ್ತು. ಮೆಟ್ಸ್ ಆ 17ರಲ್ಲಿ ಗೆದ್ದಿದ್ದು ಐದೇ. ಫಿಲೀಸ್ ಸೋತಿದ್ದು ನಾಲ್ಕೇ. ಐದು ಮತ್ತು ನಾಲ್ಕು ಒಂಬತ್ತು. ನಂಬರ್ 11ರಿಂದ 2ಕ್ಕೆ ಬಂದು ನಿಂತಿತು, ಸೀಸನ್ ಮುಗಿದುಹೋಯಿತು. ಫಿಲೀಸ್ 89-73, ಮೆಟ್ಸ್ 88-74. ಕೊನೆಯ ದಿನ ಫ್ಲೋರಿಡಾ ಮಾರ್ಲಿನ್ಸ್ ಎದುರು ಮೆಟ್ಸ್ 8-1ರಿಂದ ಸೋತಿತು. ಟಾಮ್ ಗ್ಲಾವಿನ್‌ನಂಥ ದೊಡ್ಡ ಪಿಚರ್ ಮೊದಲ ಇನ್ನಿಂಗ್ಸ್‌ನಲ್ಲಿ ಒಬ್ಬನನ್ನು ಔಟ್ ಮಾಡುವಷ್ಟರಲ್ಲಿ ಏಳು ರನ್ ಕೊಟ್ಟಾಗಿತ್ತು. ಮರುವರ್ಷ 2008ರಲ್ಲೂ ಕೊನೆಯ ದಿನ ಅದೇ ಮಾರ್ಲಿನ್ಸ್ ಎದುರು ಸೋತು ಮೆಟ್ಸ್ ಹೊರಗುಳಿಯಿತು. ಆ ಹೆಸರು ಕೇಳಿದರೆ ಮೆಟ್ಸ್ ಅಭಿಮಾನಿಗಳು ಯಾಕೆ ಬೆಚ್ಚುತ್ತಾರೆ ಅಂತ ಗೊತ್ತಾಯಿತಲ್ಲ.

163 ಯಾವಾಗ 162 ಆಗುತ್ತದೆ

ನನಗೆ ತುಂಬ ಇಷ್ಟವಾದ ಭಾಗ ಇದು. ಎಷ್ಟೋ ವಿವರಣೆಗಳಲ್ಲಿ ಇದನ್ನು ಬಿಟ್ಟುಬಿಡುತ್ತಾರೆ.

ಮೊದಲೆಲ್ಲ ಎರಡು ತಂಡ ಸಮ ಆಗಿ ಒಂದೇ ಸ್ಥಾನ ಉಳಿದಿದ್ದರೆ ಇನ್ನೊಂದು ಪಂದ್ಯ ಆಡಿಸುತ್ತಿದ್ದರು. ಅದು 163ನೇ ಪಂದ್ಯ. 2018ರಲ್ಲಿ ಒಂದೇ ದಿನ ಇಂಥ ಎರಡು ಪಂದ್ಯ ನಡೆದವು. ಬ್ರೂವರ್ಸ್ ತಂಡ ಕಬ್ಸನ್ನು, ಡಾಜರ್ಸ್ ತಂಡ ರಾಕೀಸನ್ನು ಸೋಲಿಸಿತು. 2022ರಿಂದ ಆ ಪಂದ್ಯವೇ ಇಲ್ಲ. ಸಮ ಆದರೆ ಆ ಸೀಸನ್‌ನಲ್ಲಿ ಪರಸ್ಪರ ಆಡಿದ ಪಂದ್ಯಗಳಲ್ಲಿ ಯಾರು ಹೆಚ್ಚು ಗೆದ್ದಿದ್ದಾರೆ ಅಂತ ನೋಡುತ್ತಾರೆ. ಅದೂ ಸಮ ಇದ್ದರೆ ಸ್ವಂತ ಡಿವಿಷನ್ ಒಳಗಿನ ದಾಖಲೆ. ಐಪಿಎಲ್‌ನ ಹಾಗೆ ನೆಟ್ ರನ್‌ರೇಟ್ ಇಲ್ಲಿ ಇಲ್ಲವೇ ಇಲ್ಲ. 2024ರ ಮೇ ತಿಂಗಳಲ್ಲಿ ಚಿನ್ನಸ್ವಾಮಿಯಲ್ಲಿ ಆರ್‌ಸಿಬಿ ಚೆನ್ನೈಯನ್ನು ಎಷ್ಟು ರನ್‌ಗಳಿಂದ ಸೋಲಿಸುತ್ತದೆ ಅನ್ನುವುದೇ ಮುಖ್ಯವಾಗಿತ್ತು ನೆನಪಿದೆಯಾ? ಬೇಸ್‌ಬಾಲ್‌ನಲ್ಲಿ 1-0 ಗೆದ್ದರೂ ಒಂದೇ, 15-0 ಗೆದ್ದರೂ ಒಂದೇ. ಏಪ್ರಿಲ್‌ನಲ್ಲಿ ಸುಮ್ನೆ ಸೋತ ಒಂದು ಸರಣಿ ಸೆಪ್ಟೆಂಬರ್‌ನಲ್ಲಿ ಬಂದು ಕುತ್ತಿಗೆ ಹಿಡಿಯಬಹುದು.

ಲೆಕ್ಕಕ್ಕೆ ಇದರ ಪರಿಣಾಮ ನೋಡಿ. ಟೈಬ್ರೇಕರ್ ನಮ್ಮ ಕೈಲಿದ್ದರೆ, ಅಂದರೆ ಸಮ ಆದಾಗ ಈ ನಿಯಮದ ಪ್ರಕಾರ ನಾವೇ ಮುಂದಿದ್ದರೆ, ಎದುರಾಳಿಯ ಎತ್ತರವನ್ನು ಮುಟ್ಟಿದರೆ ಸಾಕು. ಆ ಹೆಚ್ಚುವರಿ ಒಂದು ಬೇಡ. ಸೂತ್ರದಲ್ಲಿ 163 ಇದ್ದ ಜಾಗಕ್ಕೆ 162 ಹಾಕಬೇಕು.

2025ರ ಸೆಪ್ಟೆಂಬರ್ 28, ಕೊನೆಯ ದಿನ. ನ್ಯಾಷನಲ್ ಲೀಗಿನ ಕೊನೆಯ ವೈಲ್ಡ್ ಕಾರ್ಡ್‌ಗೆ ಇಬ್ಬರು. ಸಿನ್ಸಿನಾಟಿ ರೆಡ್ಸ್ 83-78, ಮೆಟ್ಸ್ 83-78. ಪಟ್ಟಿಯಲ್ಲಿ ಕೂದಲೆಳೆಯ ವ್ಯತ್ಯಾಸವೂ ಇಲ್ಲ. ಆದರೆ ಆ ವರ್ಷ ಪರಸ್ಪರ ಆಡಿದ ಆರರಲ್ಲಿ ರೆಡ್ಸ್ ನಾಲ್ಕು ಗೆದ್ದಿತ್ತು.

ರೆಡ್ಸ್ ನಂಬರ್: 162 − 83 − 78 = 1
ಮೆಟ್ಸ್ ನಂಬರ್: 163 − 83 − 78 = 2

ಉಳಿದಿದ್ದು ತಲಾ ಒಂದೇ ಪಂದ್ಯ. ಮೆಟ್ಸ್ ಗೆಲ್ಲಲೇಬೇಕು, ಜೊತೆಗೆ ರೆಡ್ಸ್ ಸೋಲಲೇಬೇಕು. ರೆಡ್ಸ್‌ಗೆ ತಾನು ಗೆಲ್ಲುವುದು, ಮೆಟ್ಸ್ ಸೋಲುವುದು, ಈ ಎರಡರಲ್ಲಿ ಒಂದು ನಡೆದರೂ ಸಾಕು. ಕೊನೆಯ ದಿನ ಎಲ್ಲ ಪಂದ್ಯಗಳೂ ಹೆಚ್ಚುಕಮ್ಮಿ ಒಂದೇ ಹೊತ್ತಿಗೆ ಶುರುವಾಗುತ್ತವೆ, ನಮ್ಮ ಗಡಿಯಾರದಲ್ಲಿ ರಾತ್ರಿ ಹನ್ನೆರಡೂವರೆ ದಾಟಿದ ಮೇಲೆ. ಹಾಗಾಗಿ ಎರಡೂ ಕಡೆಯ ಸ್ಕೋರ್ ಒಟ್ಟಿಗೆ ನೋಡುತ್ತಾ ಕೂರಬೇಕು. ಅಂದು ಮಿಲ್ವಾಕಿಯಲ್ಲಿ ರೆಡ್ಸ್ 4-2ರಿಂದ ಸೋತಿತು. ಬಾಗಿಲು ತೆರೆದಿತ್ತು. ಮಯಾಮಿಯಲ್ಲಿ ಮೆಟ್ಸ್ ಒಂದು ಗೆದ್ದಿದ್ದರೆ ಒಳಗೆ. ಗೆಲ್ಲಲಿಲ್ಲ. ಎದುರಿಗಿದ್ದದ್ದು ಮತ್ತೆ ಮಾರ್ಲಿನ್ಸ್, ಸ್ಕೋರ್ 4-0. ಇಬ್ಬರೂ 83-79ಕ್ಕೆ ನಿಂತರು, ಸೋತ ರೆಡ್ಸ್ ಪ್ಲೇಆಫ್‌ಗೆ ಹೋಯಿತು. ಜೂನ್ ಮಧ್ಯದಲ್ಲಿ 45-24 ಇದ್ದ, ಇಡೀ ಮೇಜರ್ ಲೀಗಿನಲ್ಲೇ ಮೊದಲಿದ್ದ ಮೆಟ್ಸ್ ಮನೆಗೆ ಹೋಯಿತು. ನನ್ನ ಮಟ್ಟಿಗೆ ಇದು ನ್ಯಾಯವೇ. ಮುಖಾಮುಖಿ ಗೆದ್ದವರಿಗೆ ಸ್ಥಾನ ಸಿಗುವುದು ರನ್‌ರೇಟ್‌ಗಿಂತ ಒಳ್ಳೆಯ ಪದ್ಧತಿ. ಆದರೂ 163ನೇ ಪಂದ್ಯ ಇದ್ದಿದ್ದರೆ ಅನ್ನುವ ಆಸೆ ಹೋಗುವುದಿಲ್ಲ.

ವೈಲ್ಡ್ ಕಾರ್ಡ್‌ನಲ್ಲಿ ಎದುರಾಳಿ ಯಾರು

ಡಿವಿಷನ್‌ನಲ್ಲಿ ಎದುರಾಳಿ ಎರಡನೇ ಸ್ಥಾನದವರು, ಸುಲಭ. ವೈಲ್ಡ್ ಕಾರ್ಡ್‌ನಲ್ಲಿ ಹೋಲಿಸಬೇಕಾದ್ದು ಗೆರೆಯ ಆಚೆ ನಿಂತವರ ಜೊತೆ. ಗೆರೆಯ ಒಳಗೆ ನಮ್ಮ ಜೊತೆ ಇರುವವರು ಗೆದ್ದರೂ ನಮಗೆ ನಷ್ಟವಿಲ್ಲ. ಹೊರಗೆ ಮೂವರಿದ್ದರೆ ಮೂವರ ಎದುರೂ ಲೆಕ್ಕ ಹಾಕಿ, ದೊಡ್ಡದು ಬಂದಿದ್ದನ್ನು ಇಟ್ಟುಕೊಳ್ಳಿ.

2024ರಲ್ಲಿ ಇದರಿಂದ ಒಂದು ವಿಚಿತ್ರ ನಡೆಯಿತು. ಹೆಲೀನ್ ಚಂಡಮಾರುತದಿಂದಾಗಿ ಅಟ್ಲಾಂಟಾದಲ್ಲಿ ಬ್ರೇವ್ಸ್ ಮತ್ತು ಮೆಟ್ಸ್ ಆಡಬೇಕಿದ್ದ ಎರಡು ಪಂದ್ಯ ಮುಂದೆ ಹೋದವು. ಉಳಿದವರ ಸೀಸನ್ ಭಾನುವಾರ ಮುಗಿಯಿತು, ಇವರದು ಸೋಮವಾರ, ಸೆಪ್ಟೆಂಬರ್ 30ರಂದು, ಒಂದೇ ದಿನ ಎರಡು ಪಂದ್ಯ. ಇಬ್ಬರೂ 88-72. ಆಟ ಮುಗಿಸಿ ಕಾಯುತ್ತಿದ್ದ ಅರಿಝೋನಾ ಡೈಮಂಡ್‌ಬ್ಯಾಕ್ಸ್ 89-73. ಅರಿಝೋನಾ ವಿರುದ್ಧದ ಟೈಬ್ರೇಕರ್ ಇಬ್ಬರ ಕೈಲೂ ಇತ್ತು. 162 − 88 − 73, ಇಬ್ಬರ ನಂಬರೂ 1. ತಲಾ ಒಂದು ಗೆದ್ದರೆ ಇಬ್ಬರೂ ಒಳಗೆ. ಯಾರಾದರೂ ಎರಡೂ ಗೆದ್ದರೆ ಮಾತ್ರ ಅರಿಝೋನಾಗೆ ಜಾಗ. ಮೊದಲ ಪಂದ್ಯದ ಒಂಬತ್ತನೇ ಇನ್ನಿಂಗ್ಸ್‌ನಲ್ಲಿ ಫ್ರಾನ್ಸಿಸ್ಕೊ ಲಿಂಡೋರ್ ಎರಡು ರನ್‌ಗಳ ಹೋಮ್ ರನ್ ಹೊಡೆದ, ಮೆಟ್ಸ್ 8-7ರಿಂದ ಗೆದ್ದಿತು. ಅಲ್ಲಿಗೆ ಅವರ ಕೆಲಸ ಮುಗಿಯಿತು. ಎರಡನೆಯದನ್ನು ಗೆಲ್ಲುವ ಅಗತ್ಯವೇ ಇಲ್ಲದ ತಂಡದ ಮೇಲೆ ಅರಿಝೋನಾ ಅಭಿಮಾನಿಗಳು ಆಸೆ ಇಟ್ಟು ಕೂರಬೇಕಾಯಿತು. ಬ್ರೇವ್ಸ್ 3-0 ಗೆದ್ದಿತು. ಮೂವರೂ 89-73, ಅರಿಝೋನಾ ಹೊರಗೆ.

ನೀವೇ ಬಿಡಿಸಿ

2025ರ ಅದೇ ಕೊನೆಯ ದಿನ, ಅಮೆರಿಕನ್ ಲೀಗ್ ಈಸ್ಟ್. ಟೊರಾಂಟೊ ಬ್ಲೂ ಜೇಸ್ 93-68, ನ್ಯೂಯಾರ್ಕ್ ಯಾಂಕೀಸ್ 93-68. ಪರಸ್ಪರ ಪಂದ್ಯಗಳಲ್ಲಿ ಬ್ಲೂ ಜೇಸ್ 8-5 ಮುಂದು. ಡಿವಿಷನ್‌ಗೆ ಇಬ್ಬರ ನಂಬರ್ ಎಷ್ಟು? ಇಬ್ಬರೂ ಗೆದ್ದರೆ ಏನಾಗುತ್ತದೆ?

ಉತ್ತರ: ಬ್ಲೂ ಜೇಸ್ 1, ಯಾಂಕೀಸ್ 2. ಇಬ್ಬರೂ ಗೆದ್ದರು, ಇಬ್ಬರೂ 94-68. ಬ್ಲೂ ಜೇಸ್ ಡಿವಿಷನ್ ಗೆದ್ದು ಮೊದಲ ಸುತ್ತು ಆಡದೆ ಮುಂದೆ ಹೋಯಿತು. ಯಾಂಕೀಸ್ ಅದೇ ದಾಖಲೆ ಇಟ್ಟುಕೊಂಡು ಬಾಸ್ಟನ್ ರೆಡ್ ಸಾಕ್ಸ್ ಎದುರು ವೈಲ್ಡ್ ಕಾರ್ಡ್ ಸುತ್ತು ಆಡಬೇಕಾಯಿತು.